ಗೊತ್ತಿದ್ದದ್ದನ್ನು ಅಮ್ಮ ಬರೆದಿಡಲಿಲ್ಲ
ಮನೆಯ ಕೈಬರಹದ ಅಡುಗೆ ಪುಸ್ತಕವನ್ನು ಓದುವ, ಅಳೆಯುವ, ಉಳಿಸಿಕೊಳ್ಳುವ ಬಗೆ

ಅಮ್ಮನ ಅಡುಗೆ ಪುಸ್ತಕವೆಂದರೆ ಇನ್ನೂರು ಪುಟದ ಒಂದು ರೂಲ್ ನೋಟ್‌ಬುಕ್. ರಟ್ಟು ಎಂದೋ ಕಿತ್ತುಹೋಗಿ, ಹಳೆಯ ಕ್ಯಾಲೆಂಡರಿನ ಹಾಳೆ ಅದಕ್ಕೆ ಹೊದಿಕೆಯಾಗಿದೆ. ಸಾರಿನ ಪುಡಿಯ ಪುಟ ಎಣ್ಣೆ ಕುಡಿದು ಕುಡಿದು, ಬೆಳಕಿಗೆ ಹಿಡಿದರೆ ಹಿಂಬದಿಯ ಅಕ್ಷರವೂ ಕಾಣುತ್ತದೆ. ಬಿಸಿಬೇಳೆ ಭಾತಿನ ಪುಟದ ಮೂಲೆಯಲ್ಲಿ ಅರಿಶಿನದ ಹೆಬ್ಬೆರಳು ಮೂಡಿದೆ. ಅಮ್ಮ ಹೋದ ಮೇಲೆ ಅವಳ ಸೀರೆ, ಪಾತ್ರೆಗಳನ್ನು ನಾವು ಮೂವರು ಮಕ್ಕಳು ಒಂದು ಮಾತೂ ಆಡದೆ ಹಂಚಿಕೊಂಡೆವು. ಮಾತು ಬಂದದ್ದು ಈ ನೋಟ್‌ಬುಕ್ಕಿನ ಮುಂದೆ. ಅದು ಮೂವರಿಗೂ ಬೇಕಿತ್ತು.

ಒಂದು ವರ್ಷ ನನ್ನ ಹತ್ತಿರ ಇರಲಿ, ಪ್ರತಿ ಮಾಡಿ ಇಬ್ಬರಿಗೂ ಕೊಡುತ್ತೇನೆ ಎಂದು ಒಪ್ಪಿಸಿ ತಂದೆ. ಪುಟ ಪುಟವಾಗಿ ಓದುತ್ತಾ ಹೋದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅಮ್ಮನ ತವರು ಸಾಗರದ ಕಡೆ. ಮದುವೆಯಾಗಿ ಬಂದದ್ದು ಮೈಸೂರಿಗೆ. ನೋಟ್‌ಬುಕ್ಕಿನ ತುಂಬ ಇರುವುದು ಮೈಸೂರಿನ ಅಡುಗೆ: ಸಾರಿನ ಪುಡಿ, ಹುಳಿಪುಡಿ, ವಾಂಗಿಭಾತು, ಗೊಜ್ಜವಲಕ್ಕಿ, ಹೋಳಿಗೆ. ಅಮ್ಮನ ಕೈರುಚಿ ಎಂದೊಡನೆ ನಮಗೆ ನೆನಪಾಗುವ ಒಂದೆಲಗದ ತಂಬುಳಿ, ಅಪ್ಪೆಹುಳಿ, ಸೌತೆಕಾಯಿ ಹಶಿ ಒಂದೂ ಅದರಲ್ಲಿಲ್ಲ. ಅವಳು ಬರೆದುಕೊಂಡದ್ದು ಅತ್ತೆಯಿಂದ, ನೆರೆಮನೆಯವರಿಂದ ಹೊಸದಾಗಿ ಕಲಿತದ್ದನ್ನು. ಹುಟ್ಟಿನಿಂದ ಬಲ್ಲದ್ದನ್ನು ಯಾರು ಬರೆದುಕೊಳ್ಳುತ್ತಾರೆ?

ಹೀಗಾಗಿ ಮನೆಯ ಅಡುಗೆ ಪುಸ್ತಕ ಉಳಿಸುವ ಕೆಲಸಕ್ಕೆ ಎರಡು ಪಾಲಿದೆ. ಕಾಗದದ ಮೇಲಿರುವುದನ್ನು ಓದಿ, ಅಳೆದು, ಕಾಪಾಡುವುದು ಒಂದು. ಬರೆಯದೆ ಬಿಟ್ಟದ್ದನ್ನು, ಬಲ್ಲವರು ನಮ್ಮೊಡನಿರುವಾಗಲೇ ಕೇಳಿ ಸೇರಿಸುವುದು ಇನ್ನೊಂದು. ಮೊದಲನೆಯದು ಒಂದು ವರ್ಷ ತಡವಾದರೂ ನಡೆದೀತು, ಎರಡನೆಯದು ತಡೆಯುವುದಿಲ್ಲ. ಎರಡನ್ನೂ ಮಾಡುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋಟೊ

ಹಳೆಯ ನೋಟ್‌ಬುಕ್ ಕೈಗೆ ಬಂದ ಕೂಡಲೇ ಅದನ್ನು ಒರೆಸಲು, ಅಂಟಿಸಲು, ಹೊಲಿಯಲು ಕೈ ತುಡಿಯುತ್ತದೆ. ತಡೆಯಿರಿ. ಇದ್ದದ್ದು ಇದ್ದ ಹಾಗೆಯೇ ಪ್ರತಿ ಪುಟದ ಫೋಟೊ ತೆಗೆಯಿರಿ. ಕಿಟಕಿಯ ಪಕ್ಕದ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಪುಸ್ತಕವಿಟ್ಟು, ಮೊಬೈಲನ್ನು ಪುಟಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಫ್ಲ್ಯಾಶ್ ಬೇಡ, ಎಣ್ಣೆ ಹೀರಿದ ಕಾಗದ ಹೊಳೆದು ಅಕ್ಷರ ಮುಚ್ಚುತ್ತದೆ. ಅಂಚಿನ ಟಿಪ್ಪಣಿ, ಖಾಲಿ ಪುಟ, ರಟ್ಟಿನ ಒಳಬದಿ ಯಾವುದನ್ನೂ ಬಿಡಬೇಡಿ. ನಡುವೆ ಸಿಕ್ಕಿಸಿದ ಚೀಟಿ, ಮದುವೆ ಕರೆಯೋಲೆಯ ಹಿಂಬದಿ, ಇನ್‌ಲ್ಯಾಂಡ್ ಪತ್ರ, ವಾರಪತ್ರಿಕೆಯ ತುಣುಕು ಯಾವ ಪುಟಗಳ ನಡುವೆ ಇದ್ದವೆಂಬುದನ್ನೂ ಗುರುತಿಸಿಕೊಳ್ಳಿ. ಕೋಸಂಬರಿಯ ಪುಟದಲ್ಲಿ ರಾಮನವಮಿಯ ಸಾಮಾನಿನ ಚೀಟಿ ಇದ್ದರೆ ಅದು ಅಲ್ಲಿರುವುದಕ್ಕೆ ಕಾರಣವಿದೆ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿಗೆ ಪುಟಸಂಖ್ಯೆ, ಅಡುಗೆಯ ಹೆಸರು ಎರಡನ್ನೂ ಕೊಡಿ. ಕನಿಷ್ಠ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಯಾವ ಕಾಲದ ಬರಹ?

ಅಡುಗೆ ಬರೆದುಕೊಳ್ಳುವವರು ತಾರೀಖು ಹಾಕುವುದು ಅಪರೂಪ. ಆದರೂ ಕಾಲವನ್ನು ಅಂದಾಜು ಮಾಡಬಹುದು. ಪಕ್ಕದಲ್ಲಿ ಸಾಮಾನಿನ ಲೆಕ್ಕವಿದ್ದರೆ ನೋಡಿ. ರೂಪಾಯಿ, ಆಣೆ, ಪೈ ಎಂದು ಮೂರು ಕಾಲಮ್ಮಿನಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ದಶಮಾಂಶ ನಾಣ್ಯ ಬಂದದ್ದು ಅಂದು. ‘ನಯಾಪೈಸೆ’ ಎಂದಿದ್ದರೆ ಇನ್ನೂ ಸುಲಭ, ಆ ಹೆಸರು ನಡೆದದ್ದು 1957ರಿಂದ 1964ರವರೆಗೆ ಮಾತ್ರ. ‘ನಾಲ್ಕಾಣೆ ಸೊಪ್ಪು’ ಎಂಬ ಮಾತನ್ನು ಮಾತ್ರ ನಂಬಬೇಡಿ. ನಾಣ್ಯ ಹೋದ ಮೇಲೂ ಮಾತು ಬಹುಕಾಲ ಉಳಿಯಿತು.

ಅಡುಗೆ ಬರೆದು ಕಳಿಸಿದ ಕಾರ್ಡಿನ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕೆ ಮೊದಲಿನದಿರಬಹುದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು ಖಚಿತ. ಪತ್ರಿಕೆಯ ತುಣುಕಾದರೆ ಹಿಂಬದಿ ಓದಿ, ಜಾಹೀರಾತು ಕಾಲ ಹೇಳುತ್ತದೆ. ಸುಧಾ ಶುರುವಾದದ್ದು 1965ರಲ್ಲಿ, ತರಂಗ 1983ರಲ್ಲಿ. ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷದ ಚಕ್ರದಲ್ಲಿ ಹಿಂದಕ್ಕೆ ಎಣಿಸಿ. 2021ರ ಯುಗಾದಿಗೆ ಪ್ಲವ ಬಂತು. ಹಾಗಾದರೆ ನಿಮ್ಮ ಅಜ್ಜಿಯ ‘ಪ್ಲವ ಸಂ.’ 1961–62.

ಸೇರು, ಪಾವು, ರೂಪಾಯಿ ತೂಕ

ನಾನು ಎಡವಿದ್ದು ಇಲ್ಲಿ. ನೋಟ್‌ಬುಕ್ಕಿನಲ್ಲಿ ‘ಧನಿಯ 1 ಸೇರು, ಜೀರಿಗೆ 1 ಪಾವು, ಮೆಣಸು 1 ಪಾವು, ಮೆಂತ್ಯ 1 ಚಟಾಕು’ ಎಂದಿತ್ತು. ಸೇರೆಂದರೆ 933 ಗ್ರಾಂ ಎಂದು ಎಲ್ಲೋ ಓದಿದ್ದೆ, ಅಷ್ಟು ಧನಿಯ ತೂಗಿ ಹಾಕಿದೆ. ಉಳಿದದ್ದನ್ನು ಮನೆಯ ಹಿತ್ತಾಳೆ ಪಾವಿನಲ್ಲಿ ಅಳೆದೆ. ಸಾರು ಕುದಿಯುವಾಗ ಧನಿಯದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಎಷ್ಟೋ ದಿನ ಅಮ್ಮನ ಪಟ್ಟಿಯಲ್ಲೇ ತಪ್ಪಿದೆ ಎಂದುಕೊಂಡಿದ್ದೆ.

ಸೇರು ತೂಕವೂ ಹೌದು, ಅಳತೆಯ ಪಾತ್ರೆಯೂ ಹೌದು. ಹಳೆ ಮೈಸೂರಿನ ಕಡೆ ಕಾಳುಕಡ್ಡಿಗೆ ಸೇರೆಂದರೆ ಪಾತ್ರೆಯ ಸೇರು. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ನಮ್ಮ ಪಾವು 236 ಮಿಲಿ ನೀರು ಹಿಡಿಯಿತು. ಅದೇ ಪಾವಿನ ತುಂಬ ಧನಿಯ ಹಾಕಿ ತೂಗಿದರೆ 78 ಗ್ರಾಂ. ನಾಲ್ಕು ಪಾವಿಗೆ 312 ಗ್ರಾಂ. ನಾನು ಹಾಕಿದ್ದು ಅದರ ಮೂರರಷ್ಟು! ಧನಿಯ ಹಗುರ, ಅಕ್ಕಿ ಬೇಳೆ ಭಾರ; ಪಾತ್ರೆಯ ಅಳತೆಯನ್ನು ಗ್ರಾಮಿಗೆ ತರುವಾಗ ಒಂದೊಂದು ಪದಾರ್ಥವನ್ನೂ ಬೇರೆಯಾಗಿಯೇ ತೂಗಬೇಕು.

ನಿಮ್ಮ ಮನೆಯಲ್ಲಿ ಹಳೆಯ ಪಾವು, ಚಟಾಕು, ಕುಡ್ತೆ, ಸಿದ್ದೆ ಏನಿದ್ದರೂ ಅದನ್ನು ನೋಟ್‌ಬುಕ್ಕಿನ ಜೊತೆಗೇ ಇಡಿ. ಅದು ಪುಸ್ತಕದ ಇನ್ನೊಂದು ಪುಟ. ಖಾಲಿ ಪಾತ್ರೆಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ಹೆಚ್ಚಾದ ಗ್ರಾಮಿನ ಸಂಖ್ಯೆಯೇ ಅದು ಹಿಡಿಯುವ ಮಿಲಿಲೀಟರ್. ಹಿರಿಯರು ಅಂಚಿಗೆ ಸಮವಾಗಿ ಅಳೆಯುತ್ತಿದ್ದರೋ, ಮೇಲೆ ಗೋಪುರ ಬರುವಂತೆ ಅಳೆಯುತ್ತಿದ್ದರೋ ಕೇಳಿ ಬರೆದಿಡಿ.

ತೂಕದ ಲೆಕ್ಕ ಹೀಗಿದೆ:
ಒಂದು ತೊಲ: 11.66 ಗ್ರಾಂ.
ಒಂದು ಚಟಾಕು ತೂಕ: 5 ತೊಲ, ಸುಮಾರು 58 ಗ್ರಾಂ.
ಪಕ್ಕಾ ಸೇರು: 80 ತೊಲ, 933 ಗ್ರಾಂ.
ಕಚ್ಚಾ ಸೇರು: 24 ತೊಲ, ಸುಮಾರು 280 ಗ್ರಾಂ.
ವೀಸೆ: ಐದು ಕಚ್ಚಾ ಸೇರು, ಸುಮಾರು 1.4 ಕಿಲೊ.
ರಾತ್ಲು: ಒಂದು ಪೌಂಡು, 454 ಗ್ರಾಂ.

ಊರಿಂದೂರಿಗೆ ಇವು ಅಷ್ಟಿಷ್ಟು ಬದಲಾಗುತ್ತಿದ್ದವು. ‘ಬೆಲ್ಲ 1 ಸೇರು’ ಕಚ್ಚಾ ಸೇರೋ ಪಕ್ಕಾ ಸೇರೋ ಎಂಬ ಅನುಮಾನ ಬಂದರೆ ಅದೇ ಪಟ್ಟಿಯ ಉಳಿದ ಸಾಮಾನಿನೊಡನೆ ಹೊಂದಿಸಿ ನೋಡಿ, ಒಂದು ಲೆಕ್ಕ ಮಾತ್ರ ಬಾಯಿಗೆ ಒಗ್ಗುತ್ತದೆ. ‘ಇಂಗು ಒಂದು ರೂಪಾಯಿ ತೂಕ’ ಎಂದಿದ್ದರೆ ಅದು ಬೆಲೆಯಲ್ಲ. ಹಿಂದಿನ ಬೆಳ್ಳಿಯ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು; ಮನೆಯಲ್ಲಿ ಅದನ್ನೇ ತೂಕದ ಕಲ್ಲಿನ ಹಾಗೆ ಬಳಸುತ್ತಿದ್ದರು. ‘ಒಂದಾಣೆ ಇಂಗು’ ಎಂದಿದ್ದರೆ ಅದು ಬೆಲೆ. ಅದನ್ನು ಗ್ರಾಮಿಗೆ ತರುವ ಹಟ ಬೇಡ, ಮೂಗನ್ನು ನಂಬಿ.

ಒಂದೇ ಮಾತು, ಬೇರೆ ಪದಾರ್ಥ

ಹೆಣ್ಣುಮಕ್ಕಳು ಊರು ಬಿಟ್ಟು ಊರಿಗೆ ಮದುವೆಯಾಗಿ ಹೋಗುವ ನಮ್ಮಲ್ಲಿ, ಒಂದೇ ನೋಟ್‌ಬುಕ್ಕಿನಲ್ಲಿ ಎರಡು ಸೀಮೆಯ ಕನ್ನಡ ಇರುತ್ತದೆ. ‘ಮೆಣಸು 8’ ಎಂದು ಮೈಸೂರಿನವರು ಬರೆದರೆ ಕಾಳುಮೆಣಸು. ಕರಾವಳಿಯವರು ಬರೆದರೆ ಒಣಮೆಣಸಿನಕಾಯಿ. ಕಾಳುಮೆಣಸಿಗೆ ಅವರು ಒಳ್ಳೆಮೆಣಸು ಎನ್ನುತ್ತಾರೆ. ಮೈಸೂರಿನವರ ‘ಹುಳಿ’ ತಟ್ಟೆಗೆ ಬೀಳುವ ಅಡುಗೆ. ಮಂಗಳೂರು ಕಡೆಯ ‘ನಿಂಬೆ ಗಾತ್ರದ ಹುಳಿ’ ಹುಣಸೆಹಣ್ಣು. ಇಲ್ಲಿ ‘ಕಡೆ’ಯುವುದು ಮಜ್ಜಿಗೆಯನ್ನು, ಅಲ್ಲಿ ‘ಕಡೆ’ಯುವುದು ಕಡೆಯುವ ಕಲ್ಲಿನಲ್ಲಿ ಮಸಾಲೆಯನ್ನು. ಅಲ್ಲಿ ‘ಒಂದು ಕಡಿ ಕಾಯಿ’ ಎಂದರೆ ಒಡೆದ ತೆಂಗಿನಕಾಯಿಯ ಒಂದು ಹೋಳು, ಅಂದರೆ ಅರ್ಧ ಕಾಯಿ. ‘ಅರ್ಧ ಕಡಿ’ ಎಂದಿದ್ದರೆ ಕಾಲು ಕಾಯಿ ಮಾತ್ರ. ಧಾರವಾಡದ ಕಡೆಯ ‘ಹವೀಜ’ ಮೈಸೂರಿನ ಧನಿಯ, ‘ಪುಟಾಣಿ’ ಹುರಿಗಡಲೆ, ‘ಗುರೆಳ್ಳು’ ಹುಚ್ಚೆಳ್ಳು.

ಪ್ರತಿ ಮಾಡುವಾಗ ಈ ಮಾತುಗಳನ್ನು ‘ಸರಿ’ ಮಾಡಬೇಡಿ. ಕಾಗುಣಿತದ ತಪ್ಪನ್ನೂ ತಿದ್ದಬೇಡಿ. ಎಡಪುಟದಲ್ಲಿ ಬರೆದದ್ದು ಬರೆದಂತೆ, ಬಲಪುಟದಲ್ಲಿ ಮಾಡುವಂತೆ ವಿವರಣೆ, ಹೀಗೆ ಎರಡು ಪಾಠ ಇಟ್ಟುಕೊಳ್ಳಿ. ‘ಹಾಕಬೇಕು’ ಎಂಬಲ್ಲಿ ಅಜ್ಜಿ ‘ಹಾಕ್ಬೇಕು’ ಎಂದು ಬರೆದಿದ್ದರೆ ಅದು ಅವರ ದನಿ. ರುಚಿಯನ್ನು ಇನ್ನೊಬ್ಬರ ಕೈ ತಂದೀತು, ಆ ದನಿಯನ್ನು ತರಲಾಗದು.

ಕ್ರಿಯಾಪದಗಳನ್ನೂ ಗಮನಿಸಿ. ಕುಟ್ಟು, ಬೀಸು, ಅರೆ, ರುಬ್ಬು ಎಂಬ ನಾಲ್ಕೂ ಈಗ ಒಂದೇ ಮಿಕ್ಸಿಗೆ ಬಂದಿವೆ, ಆದರೆ ಬರೆದವರ ಮನಸ್ಸಿನಲ್ಲಿ ಅವು ಬೇರೆ ಬೇರೆ ಕಲ್ಲುಗಳು. ‘ಕುಟ್ಟಿ’ ಎಂದಿದ್ದರೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ತೆಗೆಯಿರಿ. ‘ರುಬ್ಬಿ’ ಎಂದಿದ್ದರೆ ನೀರು ಚಿಮುಕಿಸಿ ನಿಧಾನವಾಗಿ ತಿರುಗಿಸಿ, ಮಸಾಲೆ ಬಿಸಿಯಾಗದಿರಲಿ. ‘ಮೆಣಸಿನಕಾಯಿ 40’ ಎಂದಿದ್ದರೆ ಯಾವುದೆಂದು ಯೋಚಿಸಿ. ಬ್ಯಾಡಗಿಯಾದರೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಲ್ಲೂ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಅಷ್ಟೇ ಗುಂಟೂರು ಹಾಕಿದರೆ ಬಾಯಿ ಸುಡುತ್ತದೆ.

ಹದ ಎಂಬ ಮಾತು

‘ಹದವಾಗಿ ಹುರಿದು’ ಎಂಬ ಎರಡೇ ಪದದಲ್ಲಿ ಇಡೀ ಕೌಶಲ ಅಡಗಿರುತ್ತದೆ. ಹದವನ್ನು ನಮ್ಮ ಹಿರಿಯರು ಕಣ್ಣು, ಕಿವಿ, ಮೂಗು, ಬೆರಳಿನಿಂದ ಅಳೆದವರು. ಪಾಕ ಎಳೆ ಬರುತ್ತದೆಯೇ ಎಂದು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡುತ್ತಿದ್ದರು, ಇಲ್ಲವೇ ತಣ್ಣೀರಿಗೆ ಒಂದು ಹನಿ ಬಿಡುತ್ತಿದ್ದರು. ಆ ಹನಿ ಮೆತ್ತನೆಯ ಉಂಡೆಯಾಗುವ ಸಕ್ಕರೆ ಪಾಕ ಥರ್ಮಾಮೀಟರಿನಲ್ಲಿ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಸಂಖ್ಯೆ ಬರೆದುಕೊಳ್ಳಿ, ಅದರ ಪಕ್ಕ ತಣ್ಣೀರಿನ ಪರೀಕ್ಷೆಯನ್ನೂ ಬರೆಯಿರಿ. ಥರ್ಮಾಮೀಟರ್ ಇಲ್ಲದ ಮನೆಯಲ್ಲೂ ಒಂದು ಬಟ್ಟಲು ನೀರಿರುತ್ತದೆ.

ಬರೆಯದೆ ಬಿಟ್ಟದ್ದನ್ನು ಕೇಳುವ ಬಗೆ

ತಂಬುಳಿಗಾಗಿ ನಾನು ಸಾಗರಕ್ಕೆ ಹೋದೆ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮನಿಗೆ ಎಪ್ಪತ್ತೆಂಟು. ಹೇಗೆ ಮಾಡುತ್ತೀರಿ ಎಂದು ಕೇಳಿದರೆ, “ಅದರಲ್ಲಿ ಏನಿದೆ ಮಗಾ? ಎಲೆ ಹುರಿಯೋದು, ಬೀಸೋದು, ಮಜ್ಜಿಗೆ ಹಾಕೋದು” ಎಂದರು. ಬಾಯಿಯಿಂದ ಬಂದದ್ದು ಅಷ್ಟೇ. ಅವರ ಕೈಗೆ ಗೊತ್ತಿದ್ದದ್ದು ಬಹಳ.

ಆದ್ದರಿಂದ ಮೊದಲ ಸೂತ್ರ: ಕೇಳಬೇಡಿ, ಮಾಡಿಸಿ ನೋಡಿ. ಅವರದೇ ಅಡುಗೆಮನೆಯಲ್ಲಿ, ಅವರದೇ ಬಾಣಲೆಯಲ್ಲಿ, ಊಟದ ಹೊತ್ತಿಗೆ.

ಎರಡನೆಯದು: ಅವರ ಕೈಯನ್ನು ತಡೆದು ಅಳೆಯಬೇಡಿ. “ತಡೀರಿ, ಚಮಚದಲ್ಲಿ ಹಾಕಿ” ಎಂದ ಕೂಡಲೇ ಕೈ ಲೆಕ್ಕ ತಪ್ಪುತ್ತದೆ. ಜೀರಿಗೆ ಡಬ್ಬಿಯನ್ನು, ಕಾಯಿತುರಿಯ ತಟ್ಟೆಯನ್ನು ಮೊದಲೇ ತೂಗಿಟ್ಟುಕೊಳ್ಳಿ. ಅವರು ತಮ್ಮ ಪಾಡಿಗೆ ತೆಗೆದುಕೊಂಡ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಅಳತೆ. ಚಿಕ್ಕಮ್ಮನ ಒಂದು ಹಿಡಿ ಒಂದೆಲಗ 26 ಗ್ರಾಂ ಬಂತು. ನನ್ನ ಹಿಡಿ 34.

ಮೂರನೆಯದು: ಮೊಬೈಲನ್ನು ಒಂದು ಕಡೆ ನಿಲ್ಲಿಸಿ ಕೈಗಳ ವಿಡಿಯೊ ತೆಗೆಯಿರಿ. ಮುಖದ ಮುಂದೆ ಹಿಡಿದರೆ ಅವರಿಗೂ ಸಂಕೋಚ, ನಿಮಗೂ ಬೇಕಾದದ್ದು ಸಿಗುವುದಿಲ್ಲ. ದನಿ ಸ್ಪಷ್ಟವಾಗಿರಲಿ, ಒಗ್ಗರಣೆಯ ಸದ್ದು ಕೂಡ ಅಳತೆಯೇ.

ನಾಲ್ಕನೆಯದು: ಕೈ ಬಿಡುವಾದಾಗ ಕೆಲವು ಪ್ರಶ್ನೆ ಕೇಳಿ. ಇದನ್ನು ಯಾರಿಂದ ಕಲಿತಿರಿ? ಅವರು ಹೇಗೆ ಮಾಡುತ್ತಿದ್ದರು, ನೀವು ಏನು ಬದಲಿಸಿದಿರಿ? ಕೆಟ್ಟರೆ ಹೇಗೆ ಸರಿಮಾಡುತ್ತೀರಿ? ಯಾವ ದಿನ ಮಾಡುವುದಿಲ್ಲ, ಯಾರಿಗೆಂದು ವಿಶೇಷವಾಗಿ ಮಾಡುತ್ತಿದ್ದಿರಿ? ಕೊನೆಯ ಪ್ರಶ್ನೆಗೆ ಚಿಕ್ಕಮ್ಮ ಬಹಳ ಹೊತ್ತು ಮಾತಾಡಿದರು. ನನ್ನ ಅಮ್ಮ ಬಸುರಿಯಾಗಿ ತವರಿಗೆ ಬಂದಾಗ ಅನ್ನ ಸೇರುತ್ತಿರಲಿಲ್ಲವಂತೆ. ತಂಬುಳಿಯ ಜೊತೆ ಮಾತ್ರ ಎರಡು ತುತ್ತು ಹೋಗುತ್ತಿತ್ತಂತೆ. ಹೊಟ್ಟೆಯಲ್ಲಿ ಇದ್ದವಳು ನಾನು.

ಐದನೆಯದು: ಇನ್ನೊಂದು ದಿನ ಮತ್ತೆ ಮಾಡಿಸಿ. ಒಂದು ಸಲದ ಅಳತೆ ಆ ದಿನದ್ದು. ಎರಡು ಮೂರು ಸಲ ನೋಡಿದರೆ ಯಾವುದು ಕದಲುವುದಿಲ್ಲ, ಯಾವುದು ಸಮಯಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ತಿಳಿಯುತ್ತದೆ. ಚಿಕ್ಕಮ್ಮ ಹಾಕಿದ ಮಜ್ಜಿಗೆ ಅದರ ಹುಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಯಿತು. ಜೀರಿಗೆ ಮಾತ್ರ ಎರಡೂ ದಿನ 2 ಗ್ರಾಂ. ತುಪ್ಪದಲ್ಲಿ ಅದು ಬಣ್ಣ ತಿರುಗುವ ಮೊದಲೇ, ಘಮ ಏಳುತ್ತಿದ್ದಂತೆ ಎರಡೂ ದಿನ “ಸಾಕು, ಇಳಿಸು” ಎಂದರು.

ಕಾಗದದ ಆರೈಕೆ

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಸೆಲೊ ಟೇಪ್ ಬೇಡ, ಅದರ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಲೆ ಉಳಿಸುತ್ತದೆ. ಮೈದಾ ಅಂಟಿಗೆ ಜಿರಲೆ, ಪುಸ್ತಕದ ಹುಳು ಬರುತ್ತವೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು, ಹಾಳೆಗಳನ್ನು ಬಿಳಿ ನೂಲಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ಪುಟಸಂಖ್ಯೆ ಹಾಕುವುದಾದರೆ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಮಾತ್ರ. ಎಣ್ಣೆ, ಅರಿಶಿನದ ಕಲೆ ತೆಗೆಯಲು ಹೋಗಬೇಡಿ. ಕಲೆಯ ಜೊತೆ ಶಾಯಿಯೂ ಹೋಗುತ್ತದೆ.

ಬಿಡಿ ಹಾಳೆಗಳಿಗೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು ಒಳ್ಳೆಯದು. ಮೆತ್ತನೆಯ ಪಿವಿಸಿ ಕವರು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ನೋಟ್‌ಬುಕ್ಕನ್ನು ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಮ್ಲರಹಿತ ಕಾಗದದ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಅಡುಗೆಮನೆಯ ಮಾಡ, ಅಟ್ಟ, ಹೊರಗೋಡೆಗೆ ಒರಗಿದ ಬೀರು ಬೇಡ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಬೂಷ್ಟು ಕಂಡರೆ ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ. ಪೂರ್ತಿ ನೆನೆದು ಪುಟಗಳು ಅಂಟಿದ್ದರೆ ಎಳೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಕಾಗದ ಸಂರಕ್ಷಣೆ ಬಲ್ಲವರನ್ನು ಹುಡುಕಲು ಸಮಯ ಸಿಗುತ್ತದೆ.

ಮುಖ್ಯವಾಗಿ, ಮೂಲ ಪ್ರತಿ ಇನ್ನು ಒಲೆಯ ಬಳಿ ಹೋಗಬಾರದು. ಅಡುಗೆಮನೆಗೆ ನಕಲು ಪ್ರತಿ ಇರಲಿ. ಅದರ ಮೇಲೆ ಎಣ್ಣೆ ಬೀಳಲಿ, ಹಿಟ್ಟು ಮೆತ್ತಲಿ.

ಪ್ರತಿ ಮಾಡಿದರೆ ಉಳಿಯುತ್ತದೆ

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಪದ್ಧತಿ ಇಂದಿನದಲ್ಲ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೊಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಪದ್ಯಕೃತಿಯನ್ನೇ ಬರೆದ. ಇವು ನಮ್ಮವರೆಗೆ ಬಂದದ್ದು, ಓಲೆ ಹಾಳಾಗುವ ಮೊದಲು ಯಾರೋ ಕೂತು ಇನ್ನೊಂದು ಓಲೆಗೆ ಇಳಿಸಿಕೊಂಡದ್ದರಿಂದ. ಹಾಗೆ ಪ್ರತಿ ಮಾಡಿದ ಲಿಪಿಕಾರರು ಕೊನೆಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದರು.

ಮನೆಯ ಪುಸ್ತಕಕ್ಕೂ ಅದೇ ಕ್ರಮ ಒಪ್ಪುತ್ತದೆ. ಮೂಲ ಒಬ್ಬರ ಬಳಿ ಇರಲಿ. ಫೋಟೊ ಮುದ್ರಿಸಿ, ಟೈಪ್ ಮಾಡಿದ ಪಾಠ ಸೇರಿಸಿ, ಹೊಲಿಸಿ ಎಲ್ಲರಿಗೂ ಕೊಡಿ. ಕನ್ನಡ ಓದಲು ಬಾರದ ಮೊಮ್ಮಕ್ಕಳು ಹೊರನಾಡಿನಲ್ಲಿದ್ದರೆ ಒಂದೊಂದು ಅಡುಗೆಯನ್ನೂ ಗಟ್ಟಿಯಾಗಿ ಓದಿ ಧ್ವನಿ ಕಳಿಸಿ. ಮಕ್ಕಳಿಗೆ ತಲಾ ಒಂದು ಪುಟ ಕೊಟ್ಟು ಕೈಯಲ್ಲಿ ನಕಲು ಮಾಡಿಸಿ. ಬರೆಯುವಾಗ ಅವರು ಕೇಳುವ “ಚಟಾಕು ಅಂದ್ರೆ ಏನು?” ಎಂಬ ಪ್ರಶ್ನೆಯಿಂದಲೇ ಕಲಿಕೆ ಶುರುವಾಗುತ್ತದೆ. ಪ್ರತಿಯೊಂದು ಅಡುಗೆಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ.

ಅಮ್ಮನ ನೋಟ್‌ಬುಕ್ಕಿನ ಕೊನೆಯಲ್ಲಿ ಹನ್ನೊಂದು ಪುಟ ಖಾಲಿ ಇವೆ. ಅಲ್ಲಿ ನಾನು ಏನನ್ನೂ ಬರೆಯಲಿಲ್ಲ. ತಂಬುಳಿಯನ್ನು ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದು, ಕೆಳಗೆ ಹೀಗೆ ಸೇರಿಸಿದೆ: ಹೇಳಿದವರು ಚಿಕ್ಕಮ್ಮ, ಬರೆದವಳು ನಾನು, ಮಾಡಿ ನೋಡಿದ್ದು ಮೂರು ಸಲ, ತಪ್ಪಿದ್ದರೆ ತಿದ್ದಿ.

ಪ್ರತಿ ತಲುಪಿದ ವಾರಕ್ಕೆ ತಮ್ಮನಿಂದ ಫೋನು ಬಂತು. “ಅಕ್ಕಾ, ಚಿಕ್ಕಮ್ಮ ಕಾಳುಮೆಣಸು ತುಪ್ಪದಲ್ಲಿ ಹುರೀತಾರೆ. ಅಮ್ಮ ಹುರೀತಿರಲಿಲ್ಲ. ಹಸಿಯಾಗೇ ಹಾಕಿ ಬೀಸೋಳು. ನಾನು ಪಕ್ಕದಲ್ಲೇ ಕೂತಿರ್ತಿದ್ದೆನಲ್ಲ, ಕಾಳು ಎಣಿಸಿ ಕೊಡ್ತಿದ್ದೋನು ನಾನೇ. ಆರು ಕಾಳು.”

ಖಾಲಿ ಬಿಟ್ಟಿದ್ದ ಜಾಗದಲ್ಲಿ ಅದನ್ನು ಬರೆದುಕೊಂಡೆ.